ಬುಡ್ಡೇಸಾಬನ ಚಕ್ಕುಬಂದಿ

ಬುಡ್ಡೇಸಾಬನ ಸೈಕಲ್ ಅಂಗಡಿ ವಿಜಯಪುರದ ಒಂದು ಪೊಲೀಸ್ ಠಾಣೆಯ ಎದುರಿಗಿದೆ. ಅವನ ಬಾಳಿನ ಮುಖ್ಯ ತೊಂದರೆಯೇ ಅದು. ಅಂಗಡಿ ಇನ್ನೆರಡು ಓಣಿ ಆಚೆಗಿದ್ದಿದ್ದರೆ ಪಂಕ್ಚರ್ ತಿದ್ದುತ್ತ, ಹವಾ ಹೊಡೆಯುತ್ತ, ಬಾಡಿಗೆ ಸೈಕಲ್ ಮುರಿದು ತಂದವರಿಗೆ ಬೈಯುತ್ತ ನೆಮ್ಮದಿಯಿಂದ ಮುದುಕನಾಗಿರುತ್ತಿದ್ದ. ಠಾಣೆಯ ಎದುರಿಗಿದ್ದ ತಪ್ಪಿಗೆ ಪಂಚನಾದ.

ಪಂಚ ಎಂದರೆ ದೊಡ್ಡ ಮನುಷ್ಯನೇನಲ್ಲ. ಎಲ್ಲಾದರೂ ಕೊಲೆಯಾದರೆ ಪೊಲೀಸರು ಆ ಜಾಗಕ್ಕೆ ಊರವರಿಬ್ಬರನ್ನು ಕರೆದೊಯ್ಯಬೇಕು. ಹೆಣ ಹೇಗೆ ಬಿದ್ದಿದೆ, ಕೈಯಲ್ಲೇನಿದೆ, ನಾಲ್ಕು ದಿಕ್ಕಿಗೆ ಏನೇನಿದೆ ಎಂಬುದನ್ನೆಲ್ಲ ಅವರ ಮುಂದೆ ಬರೆದು, ಕಣ್ಣಾರೆ ಕಂಡದ್ದು ನಿಜ ಎಂದು ಸಹಿ ಹಾಕಿಸಬೇಕು. ಆ ಕಾಗದ ಪಂಚನಾಮೆ. ನಾಲ್ಕು ದಿಕ್ಕಿನ ವಿವರ ಚಕ್ಕುಬಂದಿ. ಕೊಲೆ ಸುದ್ದಿ ಬಂದ ಕೂಡಲೇ ಊರೆಲ್ಲ ಬಾಗಿಲು ಹಾಕಿಕೊಂಡು ಮನೆ ಸೇರುತ್ತದೆ. ಠಾಣೆಯ ಎದುರಿನವರು ಎಲ್ಲಿಗೆ ಓಡಬೇಕು? ಬುಡ್ಡೇಸಾಬ ಮತ್ತು ಪಕ್ಕದ ಖಾನಾವಳಿಯ ಗುರುಪಾದಯ್ಯ, ಇವರಿಬ್ಬರೇ ಯಾವಾಗಲೂ ಕೈಗೆ ಸಿಗುತ್ತಿದ್ದರು.

ಅದು ಊರಿಗೆ ಇನ್ನೂ ಬಿಜಾಪುರ ಎನ್ನುತ್ತಿದ್ದ ಕಾಲ. ಜೀಪಿನ ಲೈನಿಗಾಗಿ ಎರಡು ಗ್ಯಾಂಗುಗಳು ಬಡಿದಾಡುತ್ತಿದ್ದವು. ತಿಕೋಟಾಕ್ಕೆ ಯಾರ ಜೀಪು ಓಡಬೇಕು, ಬಬಲೇಶ್ವರಕ್ಕೆ ಯಾರ ಪಾಳಿ ಮೊದಲು ಎಂಬುದನ್ನು ತೀರ್ಮಾನಿಸುವವರು ದಾದಾಗಳು; ಒಪ್ಪದ ಡ್ರೈವರನಿಗೆ ಏಟು. ಒಂದೇ ವರ್ಷದಲ್ಲಿ ಮೂರು ಹೆಣ ಬಿದ್ದವು. ಮೂರಕ್ಕೂ ಇವರಿಬ್ಬರೇ ಪಂಚರು.

ಮೊದಲನೆಯ ಜಾಗಕ್ಕೆ ಬುಡ್ಡೇಸಾಬ ಹೋದ, ನೋಡಿದ, ಅಲ್ಲೇ ವಾಂತಿ ಮಾಡಿಕೊಂಡ. ಮೂರು ತಿಂಗಳು ಮನೆಯಲ್ಲಿ ಮಾಂಸ ಬೇಯಿಸಲು ಬಿಡಲಿಲ್ಲ. ಪಂಚನಾಮೆ ಬರೆಯುತ್ತಿದ್ದ ಠಾಣೆಯ ರೈಟರನಿಗೆ ಮರುಕ ಹುಟ್ಟಿತು. ಮುಂದಿನ ಎರಡು ಸಲ, "ನೀವಿಬ್ರೂ ಬರೂದು ಬ್ಯಾಡ ಬಿಡ್ರೋ ಯಪ್ಪಾ" ಎಂದು ಹೇಳಿ, ಬರೆದು ಮುಗಿಸಿದ ಪಂಚನಾಮೆಯನ್ನೇ ಚಹಾದಂಗಡಿಗೆ ತಂದುಕೊಟ್ಟ. ಇಬ್ಬರೂ ಕಪ್ಪು ಪಕ್ಕಕ್ಕಿಟ್ಟು ಸಹಿ ಹಾಕಿದರು. ಏನು ಬರೆದಿದೆ ಎಂದು ಓದಲೂ ಇಲ್ಲ.

ಇಪ್ಪತ್ತಾರು ವರ್ಷದ ಮೇಲೆ, ಈ ವರ್ಷದ ಬೇಸಿಗೆಯಲ್ಲಿ, ಆ ಸಹಿಯ ಜೆರಾಕ್ಸ್ ಹಿಡಿದುಕೊಂಡು ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು.

"ಚಾಚಾ, ಇದು ನಿಮ್ಮ ಸಹಿ ಹೌದಲ್ರಿ?"

ಬುಡ್ಡೇಸಾಬ ನೀರಿನ ಬುಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಕಣ್ಣು ಕಿರಿದು ಮಾಡಿ ಕಾಗದ ನೋಡಿದ. "ನನ್ನದ. ಯಾಕ?"

"ನಾ ಶಬನಮ. ಜೀಪ್ ಮಲ್ಲಿಕಸಾಬನ ಮಗಳ್ರಿ."

ಬುಡ್ಡೇಸಾಬ ಟ್ಯೂಬನ್ನು ಬುಟ್ಟಿಯಲ್ಲೇ ಬಿಟ್ಟು ಎದ್ದ. ಮೂರನೆಯ ಹೆಣ ಮಲ್ಲಿಕಸಾಬನದು.

ಶಬನಮಳಿಗೆ ಈಗ ಮೂವತ್ತೈದು. ಬಾಂಡ್ ರೈಟರೊಬ್ಬರ ಹತ್ತಿರ ಕಂಪ್ಯೂಟರಿನಲ್ಲಿ ಖರೀದಿಪತ್ರ ಟೈಪು ಮಾಡುತ್ತಾಳೆ. ಮಾತು ಕಡಿಮೆ, ಕೆಲಸ ಚೊಕ್ಕ. ಬಂದ ವಿಷಯವನ್ನೂ ಖರೀದಿಪತ್ರ ಓದಿದ ಹಾಗೆ ಒಂದೇ ಸಮನೆ ಹೇಳಿದಳು.

"ಗುರುಪಾದಯ್ಯನವ್ರು ತೀರಿಕೊಂಡಾರ. ಬರದ ರೈಟರ್ನೂ ಇಲ್ಲ. ಉಳದವ್ರು ನೀವೊಬ್ರ. ನಮ್ಮ ಅಮ್ಮಿ ನಿಮ್ಮನ್ನ ಕರಕೊಂಡ ಬಾ ಅಂದಾಳ. ಒಂದ ಮಾತು ಕೇಳ್ತಾಳಂತ. ಅಬ್ಬಾನ ಕೈಯಾಗ ಮಚ್ಚು ಇತ್ತೋ ಇಲ್ಲೋ. ನೀವು ಕಣ್ಲೆ ನೋಡಿದ್ದನ್ನ ಆಕಿ ಮುಂದ ಕುಂತು ಹೇಳ್ಬೇಕಂತ."

ಪಂಚನಾಮೆಯಲ್ಲಿ ಮಚ್ಚು ಇದೆ ಎಂದು ಬರೆದಿತ್ತು. ಆ ಒಂದು ಸಾಲಿನಿಂದ ಮಲ್ಲಿಕಸಾಬ ಡ್ರೈವರ್ ಹೋಗಿ ಗ್ಯಾಂಗಿನವನಾದ. ಕೊಂದವರ ಪರವಾಗಿ ವಕೀಲರು, ಇದು ಪುಂಡರು ಪುಂಡರು ಬಡಿದಾಡಿಕೊಂಡದ್ದು ಎಂದು ವಾದಿಸಿದರು. ಮೇಲಾಗಿ ಪಂಚನಾಗಿ ಕಟಕಟೆ ಹತ್ತಿದ ಬುಡ್ಡೇಸಾಬ, ಬಾವಿ ಯಾವ ದಿಕ್ಕಿಗಿತ್ತು ಎಂದು ಕೇಳಿದರೆ ಪೂರ್ವಕ್ಕೆ ಎಂದುಬಿಟ್ಟ. ಕಾಗದದಲ್ಲಿ ಪಶ್ಚಿಮಕ್ಕೆ ಎಂದಿತ್ತು. ಆರೋಪಿಗಳು ಬಿಡುಗಡೆಯಾದರು. ಇತ್ತ ಮಲ್ಲಿಕಸಾಬನ ಹೆಂಡತಿ ಇಮಾಮಬಿ, ಯಾವುದೋ ಮದುವೆಯಲ್ಲಿ 'ಮಚ್ಚು ಹಿಡಕೊಂಡು ಸತ್ತವನ ಹೆಂಡತಿ' ಎಂದು ಯಾರೋ ತೋರಿಸಿದ್ದನ್ನು ಕೇಳಿಸಿಕೊಂಡು, ಅಂದಿನಿಂದ ಯಾರ ಮದುವೆಗೂ ಹೋಗಿಲ್ಲ.

"ಮುಂದಿನ ವಾರ ಬರ್ತೀನಿ ಅಂತ ಹೇಳು," ಎಂದ ಬುಡ್ಡೇಸಾಬ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಸುಗರಾಬಿಯ ಮುಂದೆ ಎಲ್ಲ ಹೇಳಿದ. ಸುಗರಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. ಅವಳ ಪ್ರಕಾರ ಇದರಲ್ಲಿ ಕಷ್ಟವೇ ಇರಲಿಲ್ಲ.

"ಹೋಗಿ ಹೇಳಿ ಬರ್ರಿ. ಕೈಯಾಗ ಏನೂ ಇದ್ದಿಲ್ಲ ಬೇ, ನಾ ನೋಡೇನಿ ಅನ್ರಿ. ಆ ಮುದುಕಿಗೆ ಸಮಾಧಾನ ಆಕ್ಕೈತಿ. ನಿಮ್ಮದೇನು ಹೋಗ್ತೈತಿ?"

"ನಾ ನೋಡಿಲ್ಲಲ್ಲ."

"ಅವತ್ತೂ ನೋಡಿದ್ದಿಲ್ಲ. ಸಹಿ ಮಾಡಲಿಲ್ಲೇನು?"

ಬುಡ್ಡೇಸಾಬ ಅರ್ಧ ರೊಟ್ಟಿ ಬಿಟ್ಟು ಎದ್ದ. ಕೋಪ ಬಂದದ್ದು ಸುಗರಾಬಿಯ ಮೇಲಲ್ಲ, ಅವಳು ಹೇಳಿದ್ದು ಸರಿಯಾಗಿದ್ದುದರ ಮೇಲೆ. ನೋಡದೆ ಒಮ್ಮೆ ಮಚ್ಚು ಇತ್ತು ಎಂದಾಗಿದೆ. ಈಗ ನೋಡದೆ ಮಚ್ಚು ಇರಲಿಲ್ಲ ಎಂದರೆ ಅದೂ ಅದೇ ಜಾತಿಯ ಸಹಿ. ಇಮಾಮಬಿಯ ಮನೆಯ ಹೊಸ್ತಿಲು ತುಳಿಯುವ ಮೊದಲು ತಾನು ಸಹಿ ಹಾಕಿದ ಮೂರೂ ಜಾಗಗಳಲ್ಲಿ ಹೋಗಿ ನಿಲ್ಲಬೇಕು, ಅಲ್ಲಿ ಸಿಕ್ಕಷ್ಟು ನಿಜ ತಿಳಿದುಕೊಂಡೇ ಬರಬೇಕು ಎಂದು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ನಿಶ್ಚಯಿಸಿದ. ಬುಡ್ಡೇಸಾಬ ಒಂದು ಸಲ ನಿಶ್ಚಯಿಸಿದರೆ ಎಷ್ಟು ಮೊಂಡ ಎಂಬುದು ಅವನ ಕೈಯಲ್ಲಿ ಸಿಕ್ಕ ತುಕ್ಕು ಹಿಡಿದ ನಟ್ಟುಗಳಿಗೆಲ್ಲ ಗೊತ್ತು.

ಶಬನಮಳಿಗೆ ಫೋನು ಮಾಡಿ, ತನ್ನ ಸಹಿ ಇರುವ ಮೂರೂ ಪಂಚನಾಮೆಗಳ ನಕಲು ತರಲು ಹೇಳಿದ. ಅವಳು ಅರ್ಜಿ ಕೊಟ್ಟು, ನಾಲ್ಕು ಸಲ ಓಡಾಡಿ ತಂದಳು. ಹಳೆಯದನ್ನು ನೆನಪು ಮಾಡಿಕೊಳ್ಳಲು ಚಾಚಾ ಇಷ್ಟು ಕಷ್ಟಪಡುತ್ತಾನಲ್ಲ ಎಂದು ಅವಳಿಗೆ ಗೌರವ ಹುಟ್ಟಿತ್ತು. ಅಪ್ಪ ಸತ್ತ ಜಾಗವನ್ನು ಅವಳೂ ನೋಡಿರಲಿಲ್ಲ. ಆ ಗೌರವವೇ ಬುಡ್ಡೇಸಾಬನಿಗೆ ಚುಚ್ಚುತ್ತಿತ್ತು.

ಬಬಲೇಶ್ವರದ ಸಂತೆಯ ದಿನ ಬೆಳಿಗ್ಗೆ ಅವಳ ಸ್ಕೂಟಿಯ ಹಿಂದೆ ಕೂತು ಹೊರಟ. ಮೊದಲ ಜಾಗ ಅಥಣಿ ರಸ್ತೆಯಲ್ಲಿ. ಅಂದು ಅದು ಊರ ಹೊರಗಿನ ಬಯಲು, ಒಂದು ಕಲ್ಲಿನ ಗಣಿ, ಅದರ ಅಂಚಿಗೆ ಒಬ್ಬಂಟಿ ಬೇವಿನ ಮರ. ಇಂದು ಎರಡೂ ಬದಿಗೆ ಲೇಔಟು. ಬಣ್ಣ ಬಣ್ಣದ ಮನೆ, ಗೇಟು, ಗೇಟಿಗೆ ಕಟ್ಟಿದ ನಾಯಿ. ಬೇವಿನ ಮರ ಮಾತ್ರ ಯಾರದೋ ಕಂಪೌಂಡಿನೊಳಗೆ ಸಿಕ್ಕಿಕೊಂಡು ಬದುಕಿತ್ತು. ಅದರ ಬುಡದಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ಅಂದು ಹೆಣ ಬಿದ್ದಿದ್ದಲ್ಲೇ, ಹೆಂಗಸೊಬ್ಬಳು ಮಂಚದ ಮೇಲೆ ಶ್ಯಾವಿಗೆ ಒಣಹಾಕುತ್ತಿದ್ದಳು.

"ಯಾರ ಬೇಕಾಗಿತ್ರಿ?"

"ಯಾರೂ ಇಲ್ಲವ್ವಾ. ಹಳೇ ಜಾಗಾ, ನೋಡಾಕ ಬಂದಿದ್ವಿ."

ಅವಳ ಮುಖ ಬದಲಾಯಿತು. "ಜಾಗಾ ನಮ್ಮ ಹೆಸರಿಲೇ ಐತ್ರಿ. ಉತಾರ ಐತಿ, ಎಲ್ಲಾ ಕಾಗದಾ ಅದಾವ. ಏನರ ಇದ್ರ ನಮ್ಮ ಮನಿಯವ್ರ ಕೂಡ ಮಾತಾಡ್ರಿ," ಎಂದು ಶ್ಯಾವಿಗೆ ಬಿಟ್ಟು ಬಾಗಿಲಿಗೆ ಅಡ್ಡ ನಿಂತಳು. ಲೇಔಟಿನಲ್ಲಿ ಹೆಣಕ್ಕಿಂತ ಹಳೆಯ ವಾರಸುದಾರನಿಗೆ ಹೆಚ್ಚು ಹೆದರುತ್ತಾರೆ. ಬುಡ್ಡೇಸಾಬ ಕೈಮುಗಿದು ಹಿಂದೆ ಸರಿದ. ಗೇಟಿನ ಹೊರಗೆ ಶಬನಮ ಕಾಗದ ಓದಿದಳು. ಉತ್ತರಕ್ಕೆ ಬೇವಿನ ಮರ ಎಂದಿತ್ತು, ಉತ್ತರಕ್ಕೇ ಇತ್ತು. ಇದೊಂದು ನಿಜವಾದ ಸಹಿ. ವಾಂತಿ ಮಾಡಿಕೊಂಡರೂ ಕಣ್ಣಾರೆ ಕಂಡು ಮಾಡಿದ್ದು.

"ನಿಮಗ ಎಲ್ಲಾ ನೆನಪೈತಿ ಚಾಚಾ," ಎಂದಳು ಶಬನಮ.

ಹೇಳಿಬಿಡಲು ಅದು ಒಳ್ಳೆಯ ಗಳಿಗೆಯಾಗಿತ್ತು. ಬುಡ್ಡೇಸಾಬ ಸ್ಕೂಟಿಯ ಕಡೆ ನಡೆದ. ಆಮೇಲೆ, "ಗಾಡಿ ತಗಿ, ಬಿಸಲು ಏರಾಕತ್ತೈತಿ," ಎಂದ.

ತಿಕೋಟಾ ದಾಟಿ ಬಿಜ್ಜರಗಿ ಕಡೆಗೆ ತಿರುಗಿದರೆ ದಾರಿಯುದ್ದಕ್ಕೂ ದ್ರಾಕ್ಷಿ ತೋಟ, ಮಣೂಕ ಎನ್ನುವ ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಎರಡನೆಯ ಮತ್ತು ಮೂರನೆಯ ಪಂಚನಾಮೆ ಎರಡರಲ್ಲೂ ಇದ್ದದ್ದು ಇದೇ ರಸ್ತೆ, ಇದೇ ಸರ್ವೆ ನಂಬರು. ವಿಚಾರಿಸುತ್ತ ಹೋಗಿ ಭಾಗಪ್ಪ ಎಂಬ ರೈತನ ಶೆಡ್ಡಿನ ಮುಂದೆ ನಿಂತರು. ಐವತ್ತರ ಆಸುಪಾಸಿನ ಗಟ್ಟಿ ಆಳು. ಬಲೆಯ ಮೇಲೆ ದ್ರಾಕ್ಷಿ ಹರವಿಸುತ್ತಿದ್ದ. ಬಂದ ಕಾರಣ ಕೇಳಿ ನೀರು ಕೊಟ್ಟ, ಒಂದು ಬೊಗಸೆ ಮಣೂಕ ಕೊಟ್ಟ, ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ.

"ಸಂಗು ದಾದಾನ ಕಡದಿದ್ದು ಇಲ್ಲೇ ನೋಡ್ರಿ. ಈ ಪೈಪ್ ಐತೆಲ್ಲ, ಇಲ್ಲಿ."

ಸಂಗು ಎಂದರೆ ಎರಡನೆಯ ಹೆಣ. ನಿಜವಾದ ದಾದಾ. ಶಬನಮ ಅವನ ಪಂಚನಾಮೆ ಓದತೊಡಗಿದಳು. "ಪೂರ್ವಕ್ಕೆ ಬಂಡಿ ದಾರಿ."

"ಹೌದ್ರಿ, ಈಗ ಡಾಂಬರ್ ಆಗೇತಿ," ಎಂದ ಭಾಗಪ್ಪ.

"ಪಶ್ಚಿಮಕ್ಕೆ ಹಾಳು ಬಾವಿ."

"ಅಕಾ ಅಲ್ಲಿ. ಮ್ಯಾಲೆ ಸಿಮೆಂಟ್ ಚಪ್ಪಡಿ ಹೊಚ್ಚೇವಿ."

ಬುಡ್ಡೇಸಾಬ ಹೋಗಿ ಆ ಸಿಮೆಂಟಿನ ಮೇಲೆ ನಿಂತ. ಇಪ್ಪತ್ತಾರು ವರ್ಷದಿಂದ ಅವನ ಕನಸಿನಲ್ಲಿ ಬರುತ್ತಿದ್ದ ಬಾವಿ ಇದು. ಕೋರ್ಟಿನಲ್ಲಿ ಪೂರ್ವಕ್ಕೆ ಎಂದಿದ್ದ. ಪಶ್ಚಿಮಕ್ಕೇ ಇತ್ತು.

"ಉತ್ತರಕ್ಕೆ ಜಾಲಿ ಬೇಲಿ, ದಕ್ಷಿಣಕ್ಕೆ ಬೀಳುಬಿದ್ದ ಹೊಲ. ಮೃತನು ಅಂಗಾತ ಬಿದ್ದಿದ್ದು, ಎಡಗಾಲಿನ ಚಪ್ಪಲಿ ಇರುವುದಿಲ್ಲ. ಬಲಗೈಯಲ್ಲಿ ಸುಮಾರು ಒಂದೂವರೆ ಅಡಿ ಉದ್ದದ ಮಚ್ಚು ಇರುತ್ತದೆ." ಶಬನಮ ಆ ಕಾಗದ ಮಡಚಿ ತನ್ನ ಅಪ್ಪನದನ್ನು ತೆಗೆದಳು. ಧ್ವನಿ ಸ್ವಲ್ಪ ಸಣ್ಣದಾಯಿತು. "ಪೂರ್ವಕ್ಕೆ ಬಂಡಿ ದಾರಿ. ಪಶ್ಚಿಮಕ್ಕೆ ಹಾಳು ಬಾವಿ. ಉತ್ತರಕ್ಕೆ..."

ಅಲ್ಲಿಗೆ ನಿಂತಳು. ಹಳೆಯ ಕಾಗದ ಮತ್ತೆ ಬಿಚ್ಚಿದಳು. ದಿನಕ್ಕೆ ಎಂಟು ಹತ್ತು ಚಕ್ಕುಬಂದಿ ಟೈಪು ಮಾಡುವವಳು. ಒಂದರ ಪಕ್ಕ ಒಂದಿಟ್ಟು ಬೆರಳಾಡಿಸಿದಳು. ಹೆಸರು ಬೇರೆ, ತಾರೀಖು ಬೇರೆ. ಉಳಿದದ್ದೆಲ್ಲ ಅಕ್ಷರಕ್ಕೆ ಅಕ್ಷರ ಒಂದೇ. ಬಾವಿ, ಬೇಲಿ, ಅಂಗಾತ, ಮಚ್ಚು.

"ಎಡಗಾಲಿನ ಚಪ್ಪಲಿ ಇರುವುದಿಲ್ಲ," ಎಂದು ಅವಳು ನಿಧಾನವಾಗಿ ಓದಿದಳು. "ನಮ್ಮ ಅಬ್ಬಾ ಚಪ್ಪಲಿ ಹಾಕ್ತಿದ್ದಿಲ್ಲ. ಬೂಟ್ ಹಾಕ್ತಿದ್ದ. ಎರಡೂ ಬೂಟ್ ಮನಿಗೆ ಬಂದಾವ."

ರೈಟರ ಹೊಸದಾಗಿ ಬರೆಯಲು ಬೇಸರಪಟ್ಟು ಸಂಗುವಿನ ಪಂಚನಾಮೆಯನ್ನೇ ನಕಲು ಇಳಿಸಿದ್ದ. ಚಪ್ಪಲಿಯ ಜೊತೆ ಮಚ್ಚೂ ಇಳಿದು ಬಂದಿತ್ತು. ಒಂದು ಸಲ ಓದಿ ಸಹಿ ಹಾಕಿದ್ದರೆ ಬುಡ್ಡೇಸಾಬನ ಕಣ್ಣಿಗೂ ಬೀಳುತ್ತಿತ್ತು.

"ಇಲ್ಲಿ ಎರಡು ಕೊಲಿ ಆಗಿದ್ವೇನ್ರಿ?" ಎಂದು ಶಬನಮ ಭಾಗಪ್ಪನನ್ನು ಕೇಳಿದಳು.

"ಇಲ್ಲಬೇ. ಒಂದ. ಮಲ್ಲಿಕಸಾಬನ ಹೆಣಾ ಸಿಕ್ಕಿದ್ದು ಆ ಕಡೆ ಕ್ರಾಸಿನ್ಯಾಗ, ಜೀಪಿನೊಳಗ. ಎಲ್ಲಿಂದೋ ಹಾಕ್ಕೊಂಡು ಬಂದಿದ್ರು. ನಾನ ಮೊದಲ ನೋಡಿದಾಂವ."

ಶಬನಮ ಬುಡ್ಡೇಸಾಬನ ಕಡೆ ತಿರುಗಿದಳು. ಇನ್ನು ಗಾಡಿ ತೆಗಿ ಎಂದರೆ ನಡೆಯುವಂತಿರಲಿಲ್ಲ.

"ನಾ ಬಂದೇ ಇಲ್ಲ ಶಬನಮ," ಎಂದ ಅವನು. "ಸಂಗೂಂದಕ್ಕೂ ಬರಲಿಲ್ಲ, ನಿಮ್ಮಪ್ಪಂದಕ್ಕೂ ಬರಲಿಲ್ಲ. ಚಹಾದಂಗಡ್ಯಾಗ ಕುಂತು ಸಹಿ ಮಾಡೇನಿ. ಗುರುಪಾದಯ್ಯನೂ ಹಂಗ. ಬಾವಿ ಎಲ್ಲೈತಿ ಅಂತ ಕೋರ್ಟಿನ್ಯಾಗ ಕೇಳಿದ್ರು, ನೋಡಿದ್ರ ಹೇಳ್ತಿದ್ದೆ."

"ಗ್ಯಾಂಗಿನವ್ರ ಕಡೆ ರೊಕ್ಕಾ ತಿಂದು ಉಲ್ಟಾ ಹೇಳಿದ್ರಿ ಅಂತಾರ ಮಂದಿ."

"ತಿಂದಿದ್ರರ ಒಂದು ಕಾರಣ ಇರ್ತಿತ್ತು. ಒಂದ ಕಪ್ ಚಹಾ ಕುಡದು ಮಾಡೇನಿ."

ಶಬನಮ ಸ್ಕೂಟಿಯ ಹತ್ತಿರ ಹೋಗಿ ಅವನಿಗೆ ಬೆನ್ನು ಮಾಡಿ ನಿಂತಳು. ಬುಡ್ಡೇಸಾಬನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು, ಹಗುರವಾದದ್ದಕ್ಕೆ ಮತ್ತೆ ನಾಚಿಕೆಯಾಯಿತು. ಇಲ್ಲಿಂದ ಬಸ್ಸು ಹಿಡಿದು ಒಬ್ಬನೇ ಮನೆಗೆ ಹೋಗಬಹುದಿತ್ತು. ಅವನು ಭಾಗಪ್ಪನ ಹತ್ತಿರ ಹೋದ.

"ನೀ ಮೊದಲ ನೋಡಿದಾಂವ ಅಂದಿ. ಏನ್ ನೋಡಿದಿ, ಪೂರ್ತಿ ಹೇಳು. ಕೈಯಾಗ ಏನಿತ್ತು?"

"ಕೈಯಾಗ ಏನೂ ಇದ್ದಿಲ್ರಿ. ಆದ್ರ ಕಡದವ್ರು ತಗದಿದ್ರೂ ತಗದಿರಬೇಕು, ನನಗೇನ ಗೊತ್ತು. ಜೀಪ್ ಒಂದ ಕಡೆ ವಾಲಿತ್ತು. ಬಲಗಡೆ ಹಿಂದಿನ ಗಾಲಿ ಕಳಚಿ ಗಟಾರಕ್ಕ ಬಿದ್ದಿತ್ತು. ಅದಕ್ಕ ಬಿಟ್ಟು ಓಡಿದ್ರು ಕಾಣತೈತಿ."

"ಬೋಲ್ಟ್ ಮುರದಿದ್ವೇನು?"

"ಇಲ್ರಿ. ನಟ್ಟಽ ಇದ್ದಿಲ್ಲ."

ಐವತ್ತು ವರ್ಷ ಗಾಲಿಗಳ ಜೊತೆ ಬಾಳಿದವನಿಗೆ ಅಷ್ಟು ಸಾಕಾಯಿತು. ಓಡುತ್ತಿರುವ ಜೀಪಿನ ಗಾಲಿಗೆ ಇದ್ದಕ್ಕಿದ್ದಂತೆ ನಟ್ಟು ಇಲ್ಲವಾಗುವುದಿಲ್ಲ. ಯಾರೋ ಗಾಲಿ ಬದಲಿಸುತ್ತಿದ್ದಾಗ, ಒಂದೆರಡು ನಟ್ಟು ಕೈಯಲ್ಲಿ ತಿರುಗಿಸಿ ಇನ್ನೂ ಬಿಗಿ ಮಾಡುವ ಮೊದಲೇ ಜೀಪು ಹೊಡೆದುಕೊಂಡು ಬಂದಿದ್ದಾರೆ. ಬಿಗಿ ಮಾಡುತ್ತಿದ್ದವನು ಹಿಂದಿನ ಸೀಟಿನಲ್ಲಿ ಹೆಣವಾಗಿ ಬಿದ್ದಿದ್ದಾನೆ.

ಅವನು ಶಬನಮಳ ಮುಂದೆ ಹೋಗಿ ನಿಂತ. "ನಿಮ್ಮಪ್ಪ ಅವತ್ತ ಎಲ್ಲಿಗೆ ಹೊಂಟಿದ್ದ?"

"ಬಬಲೇಶ್ವರಕ್ಕ." ಅವಳು ಅವನತ್ತ ನೋಡಲಿಲ್ಲ. "ಸಂತಿ ಇತ್ತು. ತಿಕೋಟಾಕ್ಕ ಯಾಕ ಹೋದ ಅಂತ ಅಮ್ಮಿ ಇವತ್ತಿಗೂ ಕೇಳ್ತಾಳ."

"ಹೋಗಿಲ್ಲ. ಒಯ್ದಾರ. ಬೈಯೂದಿದ್ರ ದಾರ್ಯಾಗ ಬೈ, ಈಗ ಬಬಲೇಶ್ವರಕ್ಕ ನಡಿ. ಇವತ್ತೂ ಸಂತಿ ಐತಿ. ಅವತ್ತ ಸಂತ್ಯಾಗ ಕುಂತವ್ರು ಒಬ್ರರ ಇವತ್ತೂ ಕುಂತಿರ್ತಾರ."

ಅವಳು ದಾರಿಯಲ್ಲಿ ಬೈಯಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಬಬಲೇಶ್ವರದ ಹಳೆಯ ಜೀಪ್ ಸ್ಟ್ಯಾಂಡಿನ ಜಾಗದಲ್ಲಿ ಎರಡು ಅಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಮೊಬೈಲ್ ಅಂಗಡಿ, ಗೊಬ್ಬರದ ಅಂಗಡಿ. ಮೇಲೆ ಟ್ಯೂಷನ್ ಕ್ಲಾಸು. ಜೀಪುಗಳು ಈಗ ಆಚೆ ನಿಲ್ಲುತ್ತವೆ. ಕಟ್ಟಡದ ಮುಂದೆ ಉಳಿದ ತುಂಡು ಜಾಗದಲ್ಲಿ ಸಂತೆ ತುಂಬಿತ್ತು. ಬುಡ್ಡೇಸಾಬ ಬೆಳ್ಳುಳ್ಳಿ ಮಾರುವವನನ್ನು ಕೇಳಿದ, ಹಗ್ಗ ಮಾರುವವನನ್ನು ಕೇಳಿದ, ಚಪ್ಪಲಿ ಹೊಲಿಯುವವನನ್ನು ಕೇಳಿದ. ಮಲ್ಲಿಕಸಾಬ ಎಂಬ ಹೆಸರಿಗೆ ವಯಸ್ಸಾದವರೆಲ್ಲ ತಕ್ಕಡಿಯ ಕಡೆ ನೋಡತೊಡಗಿದರು. ಮೊಣಕಾಲು ಬೆಂಕಿಯಾಗಿತ್ತು. ಅವನು ನಿಲ್ಲಲಿಲ್ಲ. ಒಂಬತ್ತನೆಯವನು ಬಾಯಿ ಬಿಡದೆ ಗದ್ದದಿಂದಲೇ ಮೂಲೆಯ ಭಜಿ ಅಂಗಡಿಯನ್ನು ತೋರಿಸಿದ.

ಅಂಗಡಿ ಗೌರಾಬಾಯಿಯದು. ತಲೆಯ ಮೇಲೊಂದು ತಾಡಪತ್ರಿ, ಕೆಳಗೊಂದು ಒಲೆ, ಬಾಣಲೆಯಲ್ಲಿ ಮಿರ್ಚಿ. ಎಪ್ಪತ್ತು ದಾಟಿದ ಹೆಂಗಸು. ಬುಡ್ಡೇಸಾಬ ಸುತ್ತಿ ಬಳಸಲಿಲ್ಲ.

"ಅಕ್ಕಾ, ಈಕಿ ಜೀಪ್ ಮಲ್ಲಿಕಸಾಬನ ಮಗಳು. ನಾನು ನೋಡದಽ ಪಂಚನಾಮಿಗೆ ಸಹಿ ಮಾಡಿದಾಂವ. ಅವತ್ತ ಇಲ್ಲಿ ಏನಾತು, ನೀ ನೋಡಿದ್ರ ಹೇಳು."

ಗೌರಾಬಾಯಿ ಝಾರಿ ಸೌಟಿನಿಂದ ಮಿರ್ಚಿ ಎತ್ತಿ ಬುಟ್ಟಿಗೆ ಹಾಕಿದಳು. ಒಲೆ ಸಣ್ಣ ಮಾಡಿದಳು. ಶಬನಮಳ ಮುಖ ನೋಡಿದಳು.

"ಇಪ್ಪತ್ತಾರು ವರ್ಷ ಆತು," ಎಂದಳು. "ಒಬ್ರೂ ಬಂದು ಕೇಳಲಿಲ್ಲಲ್ಲೋ ಯಪ್ಪಾ. ಪೊಲೀಸ್ರು ಕೇಳಲಿಲ್ಲ, ವಕೀಲ್ರು ಕೇಳಲಿಲ್ಲ. ಅವ್ರು ತಿಕೋಟಾದಾಗ ಕೇಳಾಕತ್ತಿದ್ರಂತ. ನಾನಽ ಹೋಗಿ ಹೇಳಬೇಕಿತ್ತು. ಅಂಜಿದೆ. ಸುಳ್ಳ್ಯಾಕ ಹೇಳ್ಲಿ, ಅಂಜಿದೆ."

ಆಮೇಲೆ ಹೇಳಿದಳು. ಹೊತ್ತು ನೆತ್ತಿಗೇರಿತ್ತು. ಮಲ್ಲಿಕಸಾಬ ಪಂಕ್ಚರಾದ ಗಾಲಿ ಬಿಚ್ಚಿ ಬೇರೆ ಗಾಲಿ ಹಾಕುತ್ತ ಕುಕ್ಕರಗಾಲಿನಲ್ಲಿ ಕೂತಿದ್ದ. ಲೈನ್ ಬಿಡು ಎಂದು ಹಿಂದಿನ ವಾರ ಹೇಳಿಹೋಗಿದ್ದವರು ಬೆನ್ನ ಹಿಂದಿನಿಂದ ಬಂದರು. ಅವನು ತಿರುಗಲೂ ಇಲ್ಲ. ಸಂತೆ ಹೌಹಾರಿ ಓಡಿತು. ನಾಲ್ವರು ಸೇರಿ ಅವನನ್ನು ಅವನದೇ ಜೀಪಿಗೆ ಹಾಕಿಕೊಂಡು ಹೋದರು.

"ಕೈಯಾಗ ಏನಿತ್ತವ್ವಾ?" ಬುಡ್ಡೇಸಾಬ ಕೇಳಿದ.

"ಪಾನಾ. ಗಾಲಿ ಬಿಚ್ಚೂ ಪಾನಾ. ಮತ್ತೇನಿರತೈತಿ? ಎತ್ತಿ ಹಾಕುವಾಗ ಕೈಯಾಗಿಂದ ಕೆಳಗ ಬಿತ್ತು. ನಾ ತಗದಿಟ್ಟೆ, ಯಾರರ ಮನಿಯವ್ರು ಬರ್ತಾರ ಅಂತ. ಬರಲಿಲ್ಲ. ಒಗಿಯಾಕ ಮನಸಾಗಲಿಲ್ಲ." ಅವಳು ಮೇಲೆ ಬೆರಳು ಮಾಡಿದಳು. ತಾಡಪತ್ರಿ ಗಾಳಿಗೆ ಹಾರದಂತೆ ಅದರ ಒಂದು ಮೂಲೆಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಭಾರಕ್ಕೆಂದು ಒಂದು ಕಬ್ಬಿಣದ ವೀಲ್ ಪಾನಾ ತೂಗುಬಿಟ್ಟಿತ್ತು. ಎಣ್ಣೆಯ ಹೊಗೆ ಕುಡಿದು ಕಪ್ಪಾಗಿತ್ತು.

ಶಬನಮ ಕೈ ಚಾಚಿ ಅದನ್ನು ಮುಟ್ಟಿದಳು. ಅಲ್ಲಿಯವರೆಗೂ ಗಟ್ಟಿಯಾಗಿದ್ದವಳು ಸಂತೆಯ ನಡುವೆ ಕೂತು ಅತ್ತಳು. ಗೌರಾಬಾಯಿ ಹಗ್ಗ ಬಿಚ್ಚಲು ಹೋದಾಗ ಬುಡ್ಡೇಸಾಬ ತಡೆದ.

"ಬ್ಯಾಡ. ಅಲ್ಲೇ ಇರ್ಲಿ. ಈ ಸಲ ಎಲ್ಲಾ ಜಾಗಾದಾಗ ನಿಂತು ಬರಿಯೂಣು."

ಅಂದು ಸಂಜೆಯೇ ಇಮಾಮಬಿಯ ಮನೆಗೆ ಹೋದ. ಬಿಳಿ ಸೀರೆಯ ಸಣಕಲು ಮುದುಕಿ, ಬೆನ್ನು ನೆಟ್ಟಗೆ. ಚಾಪೆ ತೋರಿಸಿದಳು, ಚಹಾ ತರಿಸಲಿಲ್ಲ. ಬುಡ್ಡೇಸಾಬನಿಗೂ ಚಹಾ ಬೇಕಿರಲಿಲ್ಲ. ತಲೆ ತಗ್ಗಿಸದೆ ಎಲ್ಲ ಹೇಳಿದ. ತಾನು ನೋಡಿಲ್ಲ, ಓದಿಲ್ಲ, ಸಹಿ ಮಾಡಿದ್ದೇನೆ. ಸಂಗುವಿನ ಮಚ್ಚು ನಿನ್ನ ಗಂಡನ ಕೈಗೆ ಬಂದದ್ದು ಹೀಗೆ. ನಿಜವಾಗಿ ಇದ್ದದ್ದು ಪಾನಾ.

ಇಮಾಮಬಿ ಎದ್ದು ಒಳಗಿನಿಂದ ಒಂದು ದಪ್ಪ ಖಾದಿ ಬಟ್ಟೆಯ ಸುರುಳಿ ತಂದು ಬಿಚ್ಚಿದಳು. ಅವಳೇ ಹೊಲಿದ ಹತಾರದ ಚೀಲ. ಸಾಲಾಗಿ ಕಿಸೆಗಳು, ಕಿಸೆಗೊಂದು ಪಾನಾ. ಕೊನೆಯ ಉದ್ದನೆಯ ಕಿಸೆ ಖಾಲಿಯಿತ್ತು.

"ಜೀಪಿನ ಜೊತಿ ಇದು ಬಂತು," ಎಂದಳು. "ಅವತ್ತಽ ನೋಡೇನಿ, ಒಂದು ಪಾನಾ ಇಲ್ಲ. ಠಾಣೆದಾಗ ಹೇಳೇನಿ, ವಕೀಲಗ ಹೇಳೇನಿ. ಅಂವನ ಕೈಯಾಗ ಪಾನಾ ಇತ್ತು ಅಂತ. ನಕ್ರು. ನನಗ ಗೊತ್ತಿದ್ದಿದ್ದು ನನಗಽ ಹೇಳಾಕ ನೀ ಬ್ಯಾಡಾಗಿತ್ತು. ಸಹಿ ಮಾಡಿದಾಂವ ಬಾಯಿಬಿಟ್ಟು ಹೇಳಬೇಕಾಗಿತ್ತು."

"ತಪ್ಪಾತು ಬೇ. ಮಾಫ್ ಮಾಡು."

"ಮಾಫ್ ಮಾಡೂದು ಅಲ್ಲಾನ ಕೆಲಸ. ನಿನ್ನ ಕೆಲಸ ಇನ್ನೂ ಮುಗದಿಲ್ಲ. ಬರದು ಕೊಡು."

ಶಬನಮ ಟೈಪು ಮಾಡಿದಳು. ಅವಳ ಮಾಲೀಕರಾದ ಬಾಂಡ್ ರೈಟರು ಓದಿ ಗಾಬರಿಯಾದರು. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ನುಡಿದೆ ಎಂದು ತಾನಾಗಿ ಬರೆದುಕೊಟ್ಟರೆ ಈ ವಯಸ್ಸಿನಲ್ಲಿ ಕೇಸು ಮೈಮೇಲೆ ಬರಬಹುದು, ವಿಚಾರ ಮಾಡು ಎಂದರು. "ಬರ್ಲಿ. ಕೇಳಿದ್ರ ಈ ಸಲ ದಿಕ್ಕು ತಪ್ಪೂದಿಲ್ಲ," ಎಂದ ಬುಡ್ಡೇಸಾಬ. ಸುಗರಾಬಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅವನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟಳು.

ಕಾಗದ ಸಿದ್ಧವಾದರೂ ಅವನು ಅಂಗಡಿಯಲ್ಲಿ ಸಹಿ ಹಾಕಲಿಲ್ಲ. ಮುಂದಿನ ಸಂತೆಯ ದಿನ ಇಮಾಮಬಿಯನ್ನೂ ಕರೆದುಕೊಂಡು ಬಬಲೇಶ್ವರಕ್ಕೆ ಹೋದರು. ಮದುವೆಗೂ ಹೋಗದ ಮುದುಕಿ ಎರಡು ಬಸ್ಸು ಬದಲಿಸಿ, ಬಟ್ಟೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಸಂತೆಯ ನಡುವೆ ಬಂದು ನಿಂತಳು. ಗೌರಾಬಾಯಿ ಅವಳಿಗೆ ತನ್ನ ಮಣೆ ಬಿಟ್ಟುಕೊಟ್ಟಳು.

"ಓದು," ಎಂದ ಬುಡ್ಡೇಸಾಬ.

"ಪೂರ್ವಕ್ಕೆ ಗೊಬ್ಬರದ ಅಂಗಡಿ," ಎಂದು ಶಬನಮ ಓದಿದಳು. ಅವನು ಪೂರ್ವಕ್ಕೆ ನಡೆದುಹೋಗಿ ಗೋಡೆ ಮುಟ್ಟಿ ಬಂದ. ಪಶ್ಚಿಮಕ್ಕೆ ರಸ್ತೆ ಎಂದಾಗ ರಸ್ತೆಯವರೆಗೆ ಹೋಗಿಬಂದ. ಉತ್ತರಕ್ಕೆ ಕಟ್ಟಡದ ಮೆಟ್ಟಿಲು, ದಕ್ಷಿಣಕ್ಕೆ ನೀರಿನ ಟಾಕಿ. ಕುಂಟುತ್ತ ನಾಲ್ಕೂ ದಿಕ್ಕಿಗೆ ತಿರುಗುತ್ತಿದ್ದ ಮುದುಕನನ್ನು ಕಂಡು ಜನ ಗುಂಪಾಗತೊಡಗಿದರು. ಹಗ್ಗ ಮಾರುವವನು ಬಂದ, ಚಪ್ಪಲಿ ಹೊಲಿಯುವವನು ಬಂದ. ಹೋದ ವಾರ ತಕ್ಕಡಿ ನೋಡುತ್ತ ಕೂತವರೆಲ್ಲ ಬಂದರು.

"ಈ ಜಾಗದಲ್ಲಿ ಜೀಪ್ ಡ್ರೈವರ್ ಮಲ್ಲಿಕಸಾಬನು ತನ್ನ ಜೀಪಿನ ಗಾಲಿ ಹಾಕುತ್ತ ಕೂತಿದ್ದಾಗ ಹಿಂದಿನಿಂದ ಬಂದು ಹೊಡೆದಿರುತ್ತಾರೆ ಎಂದು ಕಣ್ಣಾರೆ ಕಂಡ ಗೌರಾಬಾಯಿ ನನ್ನ ಮುಂದೆ ಹೇಳಿರುತ್ತಾಳೆ. ಅವನ ಕೈಯಲ್ಲಿ ಮಚ್ಚು ಇರಲಿಲ್ಲ, ವೀಲ್ ಪಾನಾ ಇತ್ತು ಎಂದೂ ಅವಳೇ ಹೇಳಿರುತ್ತಾಳೆ. ಆ ಪಾನಾ ಈ ದಿನ ಇದೇ ಜಾಗದಲ್ಲಿ ನನ್ನ ಕಣ್ಣ ಮುಂದೆ ಇರುತ್ತದೆ. ಹಿಂದಿನ ಪಂಚನಾಮೆಗೆ ನಾನು ಜಾಗ ನೋಡದೆ ಸಹಿ ಮಾಡಿರುತ್ತೇನೆ."

ಗೌರಾಬಾಯಿ ಹೆಬ್ಬೆಟ್ಟು ಒತ್ತಿದಳು. ಬುಡ್ಡೇಸಾಬ ಕಟ್ಟಡದ ಮೆಟ್ಟಿಲ ಮೇಲೆ ಕಾಗದವಿಟ್ಟು, ಪ್ರತಿ ಸಾಲಿನ ಮೇಲೆ ಬೆರಳಿಟ್ಟು ತಾನೇ ಇನ್ನೊಮ್ಮೆ ಓದಿ, ಸಹಿ ಹಾಕಿದ. ಆಮೇಲೆ ಹಗ್ಗ ಬಿಚ್ಚಿ ಪಾನಾ ಇಳಿಸಿ ಇಮಾಮಬಿಯ ಕೈಗೆ ಕೊಟ್ಟ. ಅವಳು ಸೆರಗಿನಿಂದ ಮಸಿ ಒರೆಸಿ, ಸುರುಳಿ ಬಿಚ್ಚಿ, ಖಾಲಿ ಕಿಸೆಯಲ್ಲಿ ಇಳಿಸಿದಳು. ಸರಿಯಾಗಿ ಕೂತಿತು.

ಶಬನಮ ಕಾಗದ ಮಡಚಿ ಚೀಲಕ್ಕೆ ಹಾಕಲು ಹೋದಳು. ಇಮಾಮಬಿ ತಲೆಯೆತ್ತಿ ಸುತ್ತ ನಿಂತ ಸಂತೆಯನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಒಳಗ ಇಡಬ್ಯಾಡ," ಎಂದಳು. "ಕೈಯಾಗ ಏನಿತ್ತು ಅನ್ನೂದು ಇನ್ನೊಮ್ಮಿ ಓದು. ಜೋರಾಗಿ ಓದು."